ಬುದ್ಧಿಗೆ ಒಡ್ಡಿದ ಪ್ರಶ್ನೆಗಳು

ವಾರಕ್ಕೆ ಎಷ್ಟು ದಿನ? ಆ ದಿನಗಳ ಹೆಸರೇನು? ನಲವತ್ತು ಪೆನ್ನಿಗೆ ಎಷ್ಟು ಷಿಲಿಂಗು? ಈ ಪ್ರಶ್ನೆಗಳನ್ನು ಕೇಳಿದೊಡನೆ ಪ್ರಾಥಮಿಕ ಶಾಲೆಯ ತನಿಖೆಯೊಂದು ನಿಮ್ಮ ನೆನಪಿಗೆ ಬಂದೀತು. ಆದರೆ ಇವನ್ನು ಕೇಳಿದ್ದು 1383ನೆಯ ಇಸವಿಯಲ್ಲಿ, ಇಂಗ್ಲೆಂಡಿನ ಲಿನ್ ಎಂಬ ರೇವುಪಟ್ಟಣದಲ್ಲಿ. ಉತ್ತರ ಹೇಳಬೇಕಾಗಿದ್ದವಳು ಎಮ್ಮಾ ಡಿ ಬೆಸ್ಟನ್ ಎಂಬ ಹೆಂಗಸು. ವಾರಕ್ಕೆ ಏಳು ದಿನವೆಂದು ಹೇಳಿದಳು. ಹೆಸರುಗಳನ್ನು ಹೇಳಲಾರದೆ ಹೋದಳು. ಗಂಡಂದಿರು ಎಷ್ಟು ಮಂದಿಯೆಂದರೆ ಮೂವರು ಎಂದಳು. ಒಬ್ಬನ ಹೆಸರು ಮಾತ್ರ ನೆನಪಿಗೆ ಬಂದಿತು. ನಲವತ್ತು ಪೆನ್ನಿಗೆ ಎಷ್ಟು ಷಿಲಿಂಗೆಂಬುದು ತಿಳಿಯಲಿಲ್ಲ. ನಾಲ್ಕು ಪೆನ್ನಿ ಬೆಲೆಯ ಬೆಳ್ಳಿಯ ಗ್ರೋಟುಗಳು ಇಪ್ಪತ್ತು ಬೇಕೋ, ನಲವತ್ತು ಪೆನ್ನಿ ಬೇಕೋ ಎಂದು ಕೇಳಿದಾಗ ಎರಡೂ ಒಂದೇ ಬೆಲೆಯೆಂದಳು. ಅವಳ ಮುಖದಲ್ಲಿಯೂ ಬುದ್ಧಿಹೀನತೆಯ ಕಳೆಯಿದೆಯೆಂದು ಸೇರಿಸಿ, ತನ್ನ ಆಸ್ತಿಯನ್ನಾಗಲಿ ತನ್ನನ್ನಾಗಲಿ ನೋಡಿಕೊಳ್ಳಲು ಈಕೆ ಶಕ್ತಳಲ್ಲವೆಂದು ಬರೆದರು. ಆ ಬರಹ ಇಂದಿಗೂ ಉಳಿದಿದೆ.

ಒಬ್ಬ ಹೆಂಗಸಿಗೆ ವಾರಗಳ ಹೆಸರು ಬಾರದಿದ್ದರೆ ಸರಕಾರಕ್ಕೇನು ನಷ್ಟ ಎಂದು ನೀವು ಕೇಳಬಹುದು. ಸರಕಾರಕ್ಕೆ ಅದರಲ್ಲಿ ಲಾಭವೇ ಇತ್ತು. ಆಗಿನ ಇಂಗ್ಲೆಂಡಿನ ಕಾನೂನು ಬುದ್ಧಿಯಿಲ್ಲದವರಲ್ಲಿ ಎರಡು ವರ್ಗ ಮಾಡಿತ್ತು. ಹುಟ್ಟಿನಿಂದಲೇ ಬುದ್ಧಿ ಬೆಳೆಯದವರ ಜಮೀನು ಅವರ ಜೀವಮಾನವೆಲ್ಲ ರಾಜನ ವಶದಲ್ಲಿರುತ್ತಿತ್ತು. ಅವರಿಗೆ ಅನ್ನ ಬಟ್ಟೆ ಕೊಟ್ಟು ಮಿಕ್ಕ ಉತ್ಪನ್ನ ರಾಜನದು. ನಡುವೆ ಚಿತ್ತ ಕೆಟ್ಟವರ ಜಮೀನನ್ನಾದರೋ ರಾಜ ಕಾಯ್ದು, ಅವರು ಗುಣವಾದಾಗ ಹಿಂದಕ್ಕೆ ಕೊಡಬೇಕಾಗಿತ್ತು. ಆದ್ದರಿಂದ ಯಾರು ಯಾವ ವರ್ಗದವರೆಂಬುದು ಹಣದ ಪ್ರಶ್ನೆ. ಹದಿನಾರನೆಯ ಶತಮಾನದ ಕಾನೂನಿನ ಗ್ರಂಥವೊಂದು ಇದಕ್ಕೆ ಚಿಕ್ಕದೊಂದು ಒರೆಗಲ್ಲನ್ನೂ ಹೇಳಿತು: ಇಪ್ಪತ್ತು ಪೆನ್ನಿ ಎಣಿಸಬಲ್ಲನೇ, ತಂದೆತಾಯಿಗಳು ಯಾರೆಂದು ಹೇಳಬಲ್ಲನೇ, ತನ್ನ ವಯಸ್ಸು ಬಲ್ಲನೇ?

ಕನ್ನಡದಲ್ಲಿ ‘ಎಣಿಕೆ’ ಎಂಬ ಶಬ್ದಕ್ಕೆ ಲೆಕ್ಕ ಎಂಬ ಅರ್ಥವೂ ಉಂಟು, ಆಲೋಚನೆ ಎಂಬ ಅರ್ಥವೂ ಉಂಟು. ಲೆಕ್ಕ ಬಲ್ಲವನೇ ಬುದ್ಧಿವಂತನೆಂಬ ಭಾವನೆ ಲಿನ್ ಪಟ್ಟಣದವರಿಗೆ ಮಾತ್ರ ಇದ್ದದ್ದಲ್ಲವೆಂದು ಇದರಿಂದ ತೋರುತ್ತದೆ. ಇರಲಿ. ಅಂದು ಕೇಳಿದವರಿಗೆ ಕಾಸಿನ ವ್ಯವಹಾರ ನಿತ್ಯದ ಮಾತು. ಆ ಹೆಂಗಸು ತನ್ನ ಬಾಳಿನಲ್ಲಿ ಎಷ್ಟು ಸಲ ಸಂತೆಗೆ ಹೋಗಿದ್ದಳು, ಹಣ ಯಾರ ಕೈಯಲ್ಲಿರುತ್ತಿತ್ತು, ಅಷ್ಟು ಮಂದಿ ಗಂಡಸರ ಎದುರಿಗೆ ನಿಂತಾಗ ನಾಲಗೆ ಹೊರಳಿತೋ ಇಲ್ಲವೋ—ಇದಾವುದನ್ನೂ ಆ ಬರಹ ಹೇಳುವುದಿಲ್ಲ. ಪ್ರಶ್ನೆ ಕೇಳುವವನ ಲೋಕವೊಂದು, ಉತ್ತರ ಹೇಳುವವರ ಲೋಕವೊಂದು. ಬುದ್ಧಿಮಾಪನದ ಮುಂದಿನ ಆರು ನೂರು ವರ್ಷದ ಕಥೆಯಲ್ಲಿ ಈ ಎರಡು ಲೋಕಗಳ ನಡುವಣ ಅಂತರವನ್ನೇ ನಾವು ಮತ್ತೆ ಮತ್ತೆ ಕಾಣುತ್ತೇವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕೆಲಸ ವಕೀಲರ ಕೈಯಿಂದ ವೈದ್ಯರ ಕೈಗೆ ಬಂದಿತು. ಫ್ರಾನ್ಸಿನ ಎಸ್ಕಿರೋಲ್ ಎಂಬ ವೈದ್ಯ 1838ರ ತನ್ನ ಗ್ರಂಥದಲ್ಲಿ ಹುಚ್ಚು ಬೇರೆ, ಬುದ್ಧಿಮಾಂದ್ಯ ಬೇರೆ ಎಂದು ಸ್ಪಷ್ಟವಾಗಿ ವಿಂಗಡಿಸಿದ. ಅವನ ದೇಶದವನೇ ಆದ ಸೆಗ್ವಾಂ ಎಂಬಾತ ಇಂಥ ಮಕ್ಕಳಿಗೆ ಪಾಠ ಹೇಳಬಹುದೆಂದು ತೋರಿಸಿಕೊಟ್ಟ. ವೃತ್ತ, ಚೌಕ, ನಕ್ಷತ್ರ ಮುಂತಾದ ಆಕಾರದ ಮರದ ತುಂಡುಗಳನ್ನು ಹಲಗೆಯಲ್ಲಿ ಕೊರೆದ ಗುಳಿಗಳಲ್ಲಿ ಕೂರಿಸುವ ಆಟವೊಂದು ಅವನ ಹೆಸರಿನಲ್ಲಿದೆ. ಮೊದಲು ಕಲಿಸುವುದಕ್ಕಾಗಿ ಹುಟ್ಟಿದ ಆ ಹಲಗೆ ಆಮೇಲೆ ಅಳೆಯುವುದಕ್ಕೂ ಒದಗಿತು. ನಮ್ಮ ದೇಶದ ಆಸ್ಪತ್ರೆಗಳಲ್ಲಿಯೂ ಅದನ್ನು ಬಳಸಿದ್ದಾರೆ. ಇಂಗ್ಲೆಂಡಿನ ಗಾಲ್ಟನ್ 1884ರಲ್ಲಿ ಲಂಡನ್ನಿನ ಆರೋಗ್ಯ ಪ್ರದರ್ಶನದಲ್ಲಿ ಮಳಿಗೆಯೊಂದನ್ನು ತೆರೆದು, ಮೂರು ಪೆನ್ನಿ ಕೊಟ್ಟವರ ಕಣ್ಣು, ಕಿವಿ, ಮುಷ್ಟಿಯ ಬಲ, ಕೈಯ ಚುರುಕು ಇವನ್ನೆಲ್ಲ ಅಳೆದ. ಇಂದ್ರಿಯ ಚುರುಕಾಗಿದ್ದರೆ ಬುದ್ಧಿಯೂ ಚುರುಕೆಂದು ಅವನ ನಂಬಿಕೆ. ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಇಂಥ ಅಳತೆಗಳನ್ನು ವಿದ್ಯಾರ್ಥಿಗಳ ಅಂಕಗಳೊಡನೆ ಹೋಲಿಸಿ ನೋಡಿದಾಗ, 1901ರಲ್ಲಿ, ಎರಡಕ್ಕೂ ಹೆಚ್ಚಿನ ಸಂಬಂಧ ಕಾಣಲಿಲ್ಲ. ಅಲ್ಲಿಗೆ ಆ ಹಾದಿ ಮುಗಿಯಿತು.

ಇನ್ನು ಪ್ಯಾರಿಸ್ಸಿಗೆ ಬರೋಣ. ಆಲ್ಫ್ರೆಡ್ ಬಿನೆ 1857ರಲ್ಲಿ ಹುಟ್ಟಿದವನು. ಅವನೂ ಮೊದಲು ಮಕ್ಕಳ ತಲೆಯ ಸುತ್ತಳತೆಯನ್ನು ಅಳೆಯುತ್ತ ಕುಳಿತಿದ್ದವನೇ. ಜಾಣರ ತಲೆಗೂ ದಡ್ಡರ ತಲೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣದೆ ಅದನ್ನು ಕೈಬಿಟ್ಟ. ತನ್ನ ಇಬ್ಬರು ಹೆಣ್ಣುಮಕ್ಕಳು ಆಡುವುದನ್ನೂ ಮಾತಾಡುವುದನ್ನೂ ವರ್ಷಗಟ್ಟಲೆ ಗಮನಿಸಿ ಬರೆದಿಟ್ಟ. ಒಂದೇ ಮನೆಯಲ್ಲಿ ಬೆಳೆದ ಇಬ್ಬರ ಬುದ್ಧಿಯೂ ಎರಡು ಬಗೆಯಾಗಿ ನಡೆಯುವುದನ್ನು ಕಂಡ. ಪ್ರಯೋಗಶಾಲೆಯ ಯಂತ್ರಗಳಿಗಿಂತ ಈ ಪಾಠವೇ ಅವನಿಗೆ ಹೆಚ್ಚು ಉಪಯೋಗಕ್ಕೆ ಬಂದಿತೆಂದು ನನಗೆ ತೋರುತ್ತದೆ.

1882ರಲ್ಲಿ ಫ್ರಾನ್ಸಿನಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಯಿತು. ಅದುವರೆಗೆ ಶಾಲೆಯ ಮೆಟ್ಟಿಲು ಹತ್ತದಿದ್ದ ಮಕ್ಕಳೆಲ್ಲ ಬಂದು ಕುಳಿತರು. ಎಲ್ಲರ ಜೊತೆಗೆ ಕಲಿಯಲಾರದ ಕೆಲವರು ಇದ್ದಾರೆಂಬುದು ಆಗ ಉಪಾಧ್ಯಾಯರ ಕಣ್ಣಿಗೆ ಬಿತ್ತು. ಅಂಥವರಿಗೆ ಬೇರೆ ತರಗತಿ ಬೇಕು, ನಿಜ. ಆದರೆ ಯಾರನ್ನು ಕಳುಹಿಸುವುದು? ಉಪಾಧ್ಯಾಯನನ್ನೇ ಕೇಳಿದರೆ ಅವನು ತುಂಟನನ್ನೂ ಮಂದನೆಂದು ಸಾಗಹಾಕಿಯಾನು. ಕಿವಿ ಮಂದವಾದ ಹುಡುಗನನ್ನು ಬುದ್ಧಿ ಮಂದವೆಂದು ಬಗೆದಾನು. ಮೂವತ್ತು ವರ್ಷದ ಹತ್ತಿರ ಈ ವೃತ್ತಿಯಲ್ಲಿರುವ ನಾನು ಇದನ್ನು ಅಲ್ಲಗಳೆಯಲಾರೆ. 1904ರಲ್ಲಿ ಸರಕಾರ ಇದಕ್ಕಾಗಿ ಸಮಿತಿಯೊಂದನ್ನು ನೇಮಿಸಿತು. ಬಿನೆ ಅದರ ಸದಸ್ಯ. ಮರುವರ್ಷವೇ ಅವನೂ ತಿಯೊಡೋರ್ ಸಿಮೋಂ ಎಂಬ ತರುಣ ವೈದ್ಯನೂ ಕೂಡಿ ಮೂವತ್ತು ಪರೀಕ್ಷೆಗಳ ಮಾಲೆಯೊಂದನ್ನು ಪ್ರಕಟಿಸಿದರು.

ಆ ಮೂವತ್ತು, ಸುಲಭದಿಂದ ಕಠಿಣಕ್ಕೆ ಮೆಟ್ಟಿಲುಮೆಟ್ಟಿಲಾಗಿ ಏರುತ್ತವೆ. ಮೊದಲನೆಯದು, ಉರಿಯುವ ಬೆಂಕಿಕಡ್ಡಿಯನ್ನು ಮಗು ಕಣ್ಣಿನಿಂದ ಹಿಂಬಾಲಿಸುತ್ತದೆಯೇ ಎಂಬುದು. ಕೊನೆಯದು, ಎರಡು ಅಮೂರ್ತ ಭಾವಗಳ ನಡುವಣ ವ್ಯತ್ಯಾಸವನ್ನು ಹೇಳುವುದು. ನಡುವೆ ಅಂಕೆಗಳನ್ನು ಕೇಳಿ ಹಿಂದಿರುಗಿ ಹೇಳುವುದು, ಚಿತ್ರ ನೋಡಿ ವಸ್ತುಗಳ ಹೆಸರು ಹೇಳುವುದು, ಒಂದು ಶಬ್ದಕ್ಕೆ ಪ್ರಾಸ ಹುಡುಕುವುದು ಮುಂತಾದುವು. 1908ರಲ್ಲಿ ಇದನ್ನು ತಿದ್ದಿ, ಯಾವ ಪ್ರಶ್ನೆಗೆ ಯಾವ ವಯಸ್ಸಿನ ಮಕ್ಕಳು ಸಾಮಾನ್ಯವಾಗಿ ಉತ್ತರಿಸುತ್ತಾರೆಂದು ಗೊತ್ತುಮಾಡಿ ವಯಸ್ಸಿಗೆ ತಕ್ಕಂತೆ ಜೋಡಿಸಿದರು. ಮೂರು ವರ್ಷದ ಮಗು ಮೂಗು, ಕಣ್ಣು, ಬಾಯಿ ತೋರಿಸಬೇಕು, ಆರು ವರ್ಷದ್ದು ಬಲಗೈ ಎಡಗಿವಿ ಬಲ್ಲದಾಗಿರಬೇಕು, ಹೀಗೆ. ಮೂರನೆಯ ಸಲ ತಿದ್ದಿದ್ದು 1911ರಲ್ಲಿ. ಅದೇ ವರ್ಷ ಬಿನೆ ತೀರಿಕೊಂಡ.

ಎಂಟು ವರ್ಷದ ಬಾಲಕ ಆರು ವರ್ಷದವರ ಪ್ರಶ್ನೆಗಳಿಗಷ್ಟೇ ಉತ್ತರಿಸಿದರೆ ಎರಡು ವರ್ಷ ಹಿಂದಿದ್ದಾನೆಂದು ಬಿನೆ ಹೇಳುತ್ತಿದ್ದ. ಹನ್ನೆರಡು ವರ್ಷದವನು ಹತ್ತರಲ್ಲಿ ನಿಂತರೂ ಎರಡೇ ವರ್ಷ. ಆದರೆ ಎರಡೂ ಸಮವಲ್ಲವಷ್ಟೆ. ಅದಕ್ಕಾಗಿ ಜರ್ಮನಿಯ ಸ್ಟರ್ನ್ ಎಂಬ ಪಂಡಿತ 1912ರಲ್ಲಿ, ಕಳೆಯುವ ಬದಲು ಭಾಗಿಸಿರಿ ಎಂದ. ಅಮೆರಿಕದ ಟರ್ಮನ್ 1916ರಲ್ಲಿ ಆ ಭಾಗಲಬ್ಧವನ್ನು ನೂರರಿಂದ ಗುಣಿಸಿದ. ಮೊದಲನೆಯ ಹುಡುಗನಿಗೆ 75, ಎರಡನೆಯವನಿಗೆ 83 ಬಂದಿತು. ನೀವು ಪತ್ರಿಕೆಗಳಲ್ಲಿ ಓದುವ ‘ಐ.ಕ್ಯೂ.’ ಅಥವಾ ಬುದ್ಧಿಲಬ್ಧ ಹುಟ್ಟಿದ್ದು ಹೀಗೆ. ಲೆಕ್ಕವೇನೋ ಚೆನ್ನಾಯಿತು, ಆದರೆ ‘ಎರಡು ವರ್ಷ ಹಿಂದಿದ್ದಾನೆ’ ಎಂದಾಗ, ಮುಂದೆ ಬಂದಾನೆಂಬ ಆಸೆ ಆ ಮಾತಿನಲ್ಲಿಯೇ ಇತ್ತು. ‘75’ ಎಂದಾಗ ಹಣೆಬರಹದಂತೆ ಕೇಳಿಸುತ್ತದೆ.

ಬಿನೆಗೆ ಈ ಭಯ ಮೊದಲೇ ಇತ್ತು. ಬುದ್ಧಿಯೆಂಬುದು ಹೆಚ್ಚಲಾರದ ಗಟ್ಟಿ ಮೊತ್ತವೆಂದು ಹೇಳುವವರನ್ನು 1909ರ ತನ್ನ ಪುಸ್ತಕದಲ್ಲಿ ಅವನು ಖಂಡಿಸಿದ. ಬೇರೆ ತರಗತಿಗೆ ಬಂದ ಮಕ್ಕಳಿಗೆ ಓದು ಬರಹಕ್ಕೆ ಮುಂಚೆ ಗಮನವಿಡುವ ಅಭ್ಯಾಸ ಮಾಡಿಸಬೇಕೆಂಬುದು ಅವನ ಮತ. ಅದಕ್ಕಾಗಿ ಮಾಡಿಸಿದ ಆಟವೊಂದು ನಮ್ಮ ಮಕ್ಕಳಿಗೂ ಗೊತ್ತಿರುವಂಥದೇ: ಸಂಜ್ಞೆ ಕೊಟ್ಟೊಡನೆ ಎಲ್ಲರೂ ಇದ್ದ ಹಾಗೆಯೇ ಕಲ್ಲಿನ ಬೊಂಬೆಗಳಂತೆ ನಿಂತುಬಿಡಬೇಕು. ಮೊದಲ ದಿನ ನಗು, ಗದ್ದಲ; ದಿನ ಕಳೆದಂತೆ ನಿಲ್ಲುವ ಹೊತ್ತು ಹೆಚ್ಚುತ್ತ ಬರುತ್ತದೆ. ಅಳೆಯುವುದು ಕಲಿಸುವುದಕ್ಕೆ ಪೀಠಿಕೆಯೆಂಬುದೇ ಅವನ ಉದ್ದೇಶ.

ಈ ಅಳತೆಗೋಲು ಸಮುದ್ರ ದಾಟಿದಾಗ ಪೀಠಿಕೆ ಹೋಯಿತು, ತೀರ್ಪು ಉಳಿಯಿತು. 1908ರಲ್ಲಿ ಗೊಡಾರ್ಡ್ ಎಂಬಾತ ಇದನ್ನು ಯೂರೋಪಿನಿಂದ ಅಮೆರಿಕಕ್ಕೆ ತಂದ. ಆಗ ನ್ಯೂಯಾರ್ಕ್ ಬಂದರಿನ ಎಲಿಸ್ ದ್ವೀಪದಲ್ಲಿ ದಿನವೂ ಸಾವಿರಾರು ಮಂದಿ ಯೂರೋಪಿನ ಬಡವರು ಹಡಗಿನಿಂದ ಇಳಿಯುತ್ತಿದ್ದರು. ಬುದ್ಧಿಮಾಂದ್ಯರನ್ನು ಒಳಗೆ ಬಿಡಬಾರದೆಂದು ಕಾನೂನು. ಜನ ಮೆಟ್ಟಿಲು ಹತ್ತಿ ಸಾಲಾಗಿ ಬರುತ್ತಿದ್ದಂತೆ ವೈದ್ಯರು ಕಣ್ಣಲ್ಲಿ ಕಣ್ಣಿಟ್ಟು ನೋಡುವರು. ಬುದ್ಧಿಯ ವಿಷಯದಲ್ಲಿ ಅನುಮಾನ ಬಂದವರ ಅಂಗಿಯ ಹೆಗಲ ಮೇಲೆ ಸೀಮೆಸುಣ್ಣದಿಂದ ಕತ್ತರಿ ಗುರುತೊಂದನ್ನು ಎಳೆಯುವರು. ಆ ಗುರುತು ಬಿದ್ದವರನ್ನು ಸಾಲಿನಿಂದ ಆಚೆಗೆ ಕರೆದು ಪ್ರಶ್ನೆ ಕೇಳುವರು.

ಆ ದೃಶ್ಯವನ್ನು ಒಂದು ಕ್ಷಣ ಮನಸ್ಸಿಗೆ ತಂದುಕೊಳ್ಳಿ. ಹಡಗಿನ ಕೆಳ ಅಂತಸ್ತಿನಲ್ಲಿ ವಾಂತಿ ಮಾಡುತ್ತ ಎರಡು ವಾರ ಕಳೆದ ಹಳ್ಳಿಯ ರೈತ. ಮಾತು ದುಭಾಷಿಯ ಮೂಲಕ. ತಪ್ಪಿ ಉತ್ತರ ಹೇಳಿದರೆ ಹೆಂಡತಿ ಮಕ್ಕಳು ಅಲ್ಲಿ, ತಾನು ಹಿಂದಕ್ಕೆ. ಕೈಗೆ ಪೆನ್ಸಿಲು ಕೊಟ್ಟು ಒಂದು ಆಕೃತಿಯನ್ನು ನೋಡಿ ಬರೆ ಎನ್ನುತ್ತಾರೆ; ಹುಟ್ಟಿದಮೇಲೆ ಅವನು ಪೆನ್ಸಿಲು ಹಿಡಿದಿಲ್ಲ. ಪೋಲೆಂಡಿನಿಂದ ಬಂದ ಒಬ್ಬ ಹುಡುಗಿಯನ್ನು, ಮೆಟ್ಟಿಲನ್ನು ಮೇಲಿನಿಂದ ತೊಳೆಯುತ್ತೀಯೋ ಕೆಳಗಿನಿಂದ ತೊಳೆಯುತ್ತೀಯೋ ಎಂದು ಕೇಳಿದರಂತೆ. ಮೆಟ್ಟಿಲು ತೊಳೆಯುವುದಕ್ಕಾಗಿ ನಾನು ಅಮೆರಿಕಕ್ಕೆ ಬಂದಿಲ್ಲವೆಂದಳು ಅವಳು. ಇಂಥ ಉತ್ತರಕ್ಕೆ ಎಷ್ಟು ಅಂಕವೆಂದು ಯಾವ ಕೋಷ್ಟಕದಲ್ಲಿಯೂ ಇಲ್ಲ!

ಗೊಡಾರ್ಡನ ಸಹಾಯಕರು ಅಲ್ಲಿ ಕೆಲವೇ ಮಂದಿ ಯಹೂದ್ಯರನ್ನೂ ಇಟಲಿ, ಹಂಗೆರಿ, ರಷ್ಯಗಳವರನ್ನೂ ಆರಿಸಿ ಪರೀಕ್ಷಿಸಿದರು. 1917ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅವರಲ್ಲಿ ನೂರಕ್ಕೆ ಸುಮಾರು 80 ಮಂದಿ ಬುದ್ಧಿಮಾಂದ್ಯರು! ನೂರಕ್ಕೆ ಎಂಬತ್ತು ಮಂದಿ ನಪಾಸಾದರೆ ಪ್ರಶ್ನಪತ್ರಿಕೆಯನ್ನು ನೋಡಬೇಕೆಂಬುದು ಯಾವ ಉಪಾಧ್ಯಾಯನಿಗೂ ತಿಳಿಯುವ ಮಾತು. ಗೊಡಾರ್ಡನೇ 1928ರ ಹೊತ್ತಿಗೆ ತನ್ನ ಹಿಂದಿನ ಅಭಿಪ್ರಾಯಗಳಲ್ಲಿ ಹಲವನ್ನು ಬದಲಾಯಿಸಿಕೊಂಡ.

ಅದೇ ದ್ವೀಪದಲ್ಲಿ ಹೋವರ್ಡ್ ನಾಕ್ಸ್ ಎಂಬ ವೈದ್ಯನೂ ಇದ್ದ. ಬಿನೆಯ ಪ್ರಶ್ನೆಗಳನ್ನು ಹಾಗೆಯೇ ಕೇಳಿದರೆ ಈ ಜನಕ್ಕೆ ಅನ್ಯಾಯವಾಗುತ್ತದೆಂದು ಕಂಡವನು ಇವನು. ಮಾತೇ ಬೇಡವಾದ ಪರೀಕ್ಷೆಗಳನ್ನು ಹುಡುಕಿದ. ಮೇಜಿನ ಮೇಲೆ ಮರದ ನಾಲ್ಕು ದಾಳಗಳನ್ನು ಸಾಲಾಗಿ ಇಟ್ಟು, ಐದನೆಯ ಚಿಕ್ಕ ದಾಳದಿಂದ ಅವುಗಳನ್ನು ಒಂದು ಕ್ರಮದಲ್ಲಿ ಕುಟ್ಟುವುದು. ಎದುರಿಗಿದ್ದವನು ಅದೇ ಕ್ರಮದಲ್ಲಿ ಕುಟ್ಟಿ ತೋರಿಸುವುದು. ಒಂದು, ಎರಡು, ಮೂರು, ನಾಲ್ಕು. ಆಮೇಲೆ ಕ್ರಮ ತೊಡಕಾಗುತ್ತ ಹೋಗುತ್ತದೆ. ಓದು ಬೇಡ, ಇಂಗ್ಲಿಷು ಬೇಡ. ಒಡೆದ ಮುಖದ ತುಂಡುಗಳನ್ನು ಕೂಡಿಸುವ ಮರದ ಆಟವೂ ಅಲ್ಲಿ ಹುಟ್ಟಿತು. 1917–18ರಲ್ಲಿ ಅಮೆರಿಕದ ಸೈನ್ಯದಲ್ಲಿ 17 ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದಾಗ ಅನಕ್ಷರಸ್ಥರಿಗೆಂದು ಚಿತ್ರಗಳ ಪರೀಕ್ಷೆಯನ್ನೇ ಬೇರೆಯಾಗಿ ಮಾಡಿದರು. ಅಲ್ಲಿಯೂ ಪೆನ್ಸಿಲು ಹಿಡಿಯಲೇಬೇಕಾಗಿತ್ತೆಂಬುದು ಬೇರೆ ಮಾತು.

ತೀರ್ಪಿನ ಕಥೆ ಕೊನೆಗೆ ಎಲ್ಲಿಗೆ ಮುಟ್ಟಿತೆಂಬುದಕ್ಕೆ ಒಂದೇ ಉದಾಹರಣೆ ಸಾಕು. ವರ್ಜೀನಿಯ ಸಂಸ್ಥಾನದಲ್ಲಿ ಕ್ಯಾರಿ ಬಕ್ ಎಂಬ ಬಡ ಯುವತಿ. ಅವಳೂ ಅವಳ ತಾಯಿಯೂ ಬುದ್ಧಿಮಾಂದ್ಯರೆಂದು ಬಿನೆಯ ಪರೀಕ್ಷೆಯಿಂದ ಗೊತ್ತುಮಾಡಿ, ಅವಳ ಎಳೆಗೂಸಿನಲ್ಲಿಯೂ ಅದೇ ಲಕ್ಷಣವಿದೆಯೆಂದು ಸಾಕ್ಷ್ಯ ಹೇಳಿಸಿ, ಇನ್ನು ಮಕ್ಕಳಾಗದಂತೆ ಅವಳಿಗೆ ಶಸ್ತ್ರಚಿಕಿತ್ಸೆ ಮಾಡಬಹುದೆಂದು ಅಲ್ಲಿಯ ಪರಮೋಚ್ಚ ನ್ಯಾಯಾಲಯವೇ 1927ರಲ್ಲಿ ತೀರ್ಪು ಕೊಟ್ಟಿತು. ಒಂಬತ್ತು ಮಂದಿ ನ್ಯಾಯಮೂರ್ತಿಗಳಲ್ಲಿ ಒಬ್ಬ ಮಾತ್ರ ಒಪ್ಪಲಿಲ್ಲ. ಆ ಕೂಸು ವಿವಿಯನ್ ಬೆಳೆದು ಶಾಲೆಗೆ ಸೇರಿತು. ಚೆನ್ನಾಗಿ ಓದುವವರ ಪಟ್ಟಿಯಲ್ಲಿ ಅವಳ ಹೆಸರು ಬಂದಿತು. 1932ರಲ್ಲಿ, ಎಂಟು ವರ್ಷಕ್ಕೆ, ಕಾಯಿಲೆಯಿಂದ ತೀರಿಹೋದಳು.

ಈ ಅಳತೆಗೋಲು ಕನ್ನಡನಾಡಿಗೆ ಬಂದದ್ದು ಬೇರೆ ದಾರಿಯಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1924ರಲ್ಲಿ ಮನಶ್ಶಾಸ್ತ್ರದ ವಿಭಾಗ ಆರಂಭವಾಯಿತು. ಅದನ್ನು ನಡೆಸಿದವರು ಡಾ. ಎಂ. ವಿ. ಗೋಪಾಲಸ್ವಾಮಿಯವರು. ಲಂಡನ್ನಿನಲ್ಲಿ ಅವರ ಗುರು ಸ್ಪಿಯರ್ಮನ್. ಬುದ್ಧಿಯ ನಾನಾ ಕೆಲಸಗಳ ಹಿಂದೆ ಒಂದು ಸಾಮಾನ್ಯ ಶಕ್ತಿಯಿದೆಯೆಂದು 1904ರಲ್ಲಿ ವಾದಿಸಿದವನು. ಗೋಪಾಲಸ್ವಾಮಿಯವರ ಹೆಸರು ರೇಡಿಯೋ ಇಟ್ಟುಕೊಂಡವರಿಗೆಲ್ಲ ತಿಳಿದದ್ದೇ. 1935ರಲ್ಲಿ ತಮ್ಮ ಮನೆಯಲ್ಲಿಯೇ ಪುಟ್ಟ ಪ್ರೇಷಕವೊಂದನ್ನಿಟ್ಟು ‘ಆಕಾಶವಾಣಿ’ಯನ್ನು ನುಡಿಸಿದವರು ಇವರೇ ತಾನೆ! ಬುದ್ಧಿಯನ್ನು ಅಳೆಯುವ ಶಾಸ್ತ್ರವೂ ಬಾನುಲಿಯೂ ನಮ್ಮಲ್ಲಿ ಒಂದೇ ಮನೆಯ ಪರಿಚಯಸ್ಥರೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನೆನಪಿಸದೆ ಇರಲಾರೆ.

ಬಿನೆಯ ಅಳತೆಗೋಲನ್ನು ಕನ್ನಡಕ್ಕೆ ಒಗ್ಗಿಸಿದವರಾದರೋ ಧಾರವಾಡದ ಶಿಕ್ಷಣತಜ್ಞ ವಿ. ವಿ. ಕಾಮತರು. ಆಗ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆಂದು ಅವರು ಸಿದ್ಧಪಡಿಸಿದ ಪರಿಷ್ಕರಣ ‘ಮುಂಬಯಿ–ಕರ್ನಾಟಕ ಪರಿಷ್ಕರಣ’ವೆಂದು ಹೆಸರಾಗಿ, ಮುಂದೆ ಬಿನೆ–ಕಾಮತ್ ಪರೀಕ್ಷೆಯೆಂದು ದೇಶದ ಎಲ್ಲ ಕಡೆಗೂ ಹರಡಿತು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಗಿ, 1974ರಿಂದ ನಿಮ್ಹಾನ್ಸ್ ಎನಿಸಿದ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿಯೂ ಇದನ್ನು ದಶಕಗಳ ಕಾಲ ಬಳಸಿದರು.

ಇದು ಬರಿಯ ಭಾಷಾಂತರದ ಕೆಲಸವೆಂದು ತಿಳಿಯಬೇಡಿ. ಬಿನೆಯ ಪಟ್ಟಿಯಲ್ಲಿ ಮಗುವನ್ನು ‘ಫೋರ್ಕು ಎಂದರೇನು, ಕುರ್ಚಿ ಎಂದರೇನು’ ಎಂದು ಕೇಳಬೇಕು. ಕೈಯಲ್ಲಿ ಊಟ ಮಾಡಿ ಚಾಪೆಯ ಮೇಲೆ ಕೂರುವ ಮಗು ಏನು ಹೇಳೀತು? ಇಬ್ಬರು ಹೆಂಗಸರ ಚಿತ್ರ ತೋರಿಸಿ ಚೆಲುವೆ ಯಾರೆಂದು ಕೇಳಬೇಕು; ಪ್ಯಾರಿಸ್ಸಿನ ಚೆಲುವೆ ನಮಗೆ ಚೆಲುವೆಯೇ? ವಾಕ್ಯವನ್ನು ಕೇಳಿ ಮರಳಿ ಹೇಳುವ ಪರೀಕ್ಷೆಯಲ್ಲಿ ಫ್ರೆಂಚಿನ ಇಷ್ಟು ಅಕ್ಷರಕ್ಕೆ ಇಷ್ಟು ವಯಸ್ಸೆಂಬ ಲೆಕ್ಕವುಂಟು. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಸೇರಿ ಪದ ಉದ್ದವಾಗುತ್ತದೆ, ಆ ಲೆಕ್ಕ ನಿಲ್ಲುವುದಿಲ್ಲ. ಅಂಕೆಗಳನ್ನೇ ತೆಗೆದುಕೊಳ್ಳಿ: ಇಂಗ್ಲಿಷಿನಲ್ಲಿ ‘ಟೂ’ ‘ಫೋರ್’ ಎಂದು ಒಂದೊಂದೇ ಉಸಿರಿಗೆ ಮುಗಿಯುವುದು ನಮ್ಮಲ್ಲಿ ‘ಎರಡು’ ‘ನಾಲ್ಕು’ ಎಂದಾಗುತ್ತದೆ. ಇನ್ನು ಪ್ರಾಸದ ಮಾತಂತೂ ಕೇಳಲೇಬೇಡಿ. ಅವರ ಪ್ರಾಸ ಪದದ ಬಾಲದಲ್ಲಿ. ನಮ್ಮ ಹಳೆಯ ಕವಿಗಳು ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸವಿಟ್ಟವರು. ಯಾವ ಪ್ರಶ್ನೆಗೆ ಯಾವ ವಯಸ್ಸೆಂಬುದನ್ನು ಇಲ್ಲಿಯ ಮಕ್ಕಳನ್ನೇ ಕೂರಿಸಿಕೊಂಡು ಮೊದಲಿನಿಂದ ಗೊತ್ತುಮಾಡಬೇಕೇ ಹೊರತು ಪ್ಯಾರಿಸ್ಸಿನ ಕೊಳಗದಲ್ಲಿ ಧಾರವಾಡದ ರಾಶಿಯನ್ನು ಅಳೆಯಲಾಗದು.

ಕನ್ನಡದಲ್ಲಿ ಕೇಳಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದೂ ಇಲ್ಲ. ನಮ್ಮ ತರಗತಿಗಳಲ್ಲಿ ಮನೆಯಲ್ಲಿ ಲಂಬಾಣಿ, ತುಳು, ಉರ್ದು, ಕೊಂಕಣಿ ಆಡುವ ಮಕ್ಕಳಿದ್ದಾರೆ. ವ್ಯಾಕರಣದ ಪಾಠದಲ್ಲಿ ಬಾಯಿ ಬಿಡದ ತಾಂಡಾದ ಹುಡುಗನೊಬ್ಬ ನಮ್ಮ ಶಾಲೆಯ ತೋಟದ ಕೆಲಸದಲ್ಲಿ, ಎಷ್ಟು ಪಾತಿಗೆ ಎಷ್ಟು ಕೊಡ ನೀರೆಂಬುದನ್ನು ಬಾಯಿಲೆಕ್ಕದಲ್ಲಿಯೇ ಹೇಳಿಬಿಡುತ್ತಿದ್ದುದನ್ನು ನಾನು ಕಂಡಿದ್ದೇನೆ.

ಈಚಿನ ವರ್ಷಗಳಲ್ಲಿ ಈ ಪ್ರಶ್ನೆಗಳು ಮಕ್ಕಳನ್ನು ಬಿಟ್ಟು ಮುದುಕರ ಕಡೆಗೂ ತಿರುಗಿವೆ. ನಿಮ್ಮ ಮನೆಯಲ್ಲಿ ವಯಸ್ಸಾದ ತಂದೆಯೋ ಅತ್ತೆಯೋ ಹೇಳಿದ್ದನ್ನೇ ಮತ್ತೆ ಹೇಳುತ್ತ, ಒಲೆಯ ಮೇಲಿಟ್ಟದ್ದನ್ನು ಮರೆಯುತ್ತ ಇದ್ದರೆ, ವೈದ್ಯರು ಹತ್ತು ನಿಮಿಷದ ಒಂದು ಪರೀಕ್ಷೆ ಮಾಡಬಹುದು. ಅಮೆರಿಕದಲ್ಲಿ 1975ರಲ್ಲಿ ಪ್ರಕಟವಾದ ಮೂವತ್ತು ಅಂಕಗಳ ಪರೀಕ್ಷೆಯೇ ಇವುಗಳಲ್ಲಿ ಹೆಸರಾದದ್ದು. ಇವತ್ತು ಯಾವ ವಾರ? ಇದು ಯಾವ ಊರು? ಮೂರು ವಸ್ತುಗಳ ಹೆಸರು ಹೇಳುತ್ತೇನೆ, ಸ್ವಲ್ಪ ಹೊತ್ತಾದಮೇಲೆ ಹೇಳಿರಿ. ನೂರರಿಂದ ಏಳೇಳನ್ನು ಕಳೆಯುತ್ತ ಹೋಗಿರಿ. ಲಿನ್ ಪಟ್ಟಣದ ಪ್ರಶ್ನೆಗಳೇ ಅಲ್ಲವೇ ಎನ್ನುತ್ತೀರಿ. ಹೌದು, ಬಹುಮಟ್ಟಿಗೆ ಅವೇ. ಕೇಳುವ ಕಾರಣ ಮಾತ್ರ ಬೇರೆ. ಇದು ಜರಡಿ ಹಿಡಿಯುವ ಕೆಲಸ; ಜರಡಿಯಲ್ಲಿ ನಿಂತವರೆಲ್ಲ ರೋಗಿಗಳಲ್ಲ. ಕಿವಿ ಕೇಳದೆ ಉತ್ತರ ತಪ್ಪಬಹುದು, ಮನಸ್ಸಿನ ಕುಗ್ಗಿನಿಂದ ತಪ್ಪಬಹುದು. ಥೈರಾಯಿಡ್ ಗ್ರಂಥಿಯ ಮಾಂದ್ಯ, ಬಿ-12 ಜೀವಸತ್ವದ ಕೊರತೆ ಇಂಥ ಕಾರಣಗಳಿಂದ ನೆನಪು ಮಂಕಾದರೆ ಔಷಧಿಯುಂಟು. ಅಂಕ ಕಡಮೆಯಾಯಿತೆಂದು ಮುದುಕರ ಕೈಯಿಂದ ಬೀಗದ ಕೈ ಕಿತ್ತುಕೊಳ್ಳುವ ಮೊದಲು ಇವನ್ನೆಲ್ಲ ನೋಡಿಸಬೇಕು.

ಆ ಅಮೆರಿಕದ ಪರೀಕ್ಷೆಯಲ್ಲಿ ಒಂದು ವಾಕ್ಯ ಬರೆಯಬೇಕು, ಕಾಗದದ ಮೇಲಿರುವ ‘ಕಣ್ಣು ಮುಚ್ಚಿ’ ಎಂಬುದನ್ನು ಓದಿ ಹಾಗೆ ಮಾಡಬೇಕು. ಶಾಲೆ ಕಾಣದ ಅಜ್ಜಿಗೆ ಇದರಲ್ಲಿಯೇ ಅಂಕ ಹೋಯಿತು. ಹರಿಯಾಣದ ಬಲ್ಲಭಗಡದ ಸುತ್ತಿನ ಹಳ್ಳಿಗಳಲ್ಲಿ ಕೆಲಸ ಮಾಡಿದ ವೈದ್ಯರು ಇದನ್ನು ಕಂಡು, ಹಿಂದಿಯಲ್ಲಿ ಹೊಸದಾಗಿ ಕಟ್ಟಿ 1995ರಲ್ಲಿ ಪ್ರಕಟಿಸಿದರು. ನೂರರಿಂದ ಏಳು ಕಳೆಯುವ ಬದಲು ಇಪ್ಪತ್ತರಿಂದ ಮೂರು. ಓದಿ ಕಣ್ಣು ಮುಚ್ಚುವ ಬದಲು, ನನ್ನ ಮುಖ ನೋಡಿ ನಾನು ಮಾಡಿದಂತೆ ಮಾಡಿ ಎಂದು ಹೇಳಿ ತಾವೇ ಕಣ್ಣು ಮುಚ್ಚಿ ತೋರಿಸುವುದು. ವಾಕ್ಯ ಬರೆಯಿರಿ ಎಂಬ ಕಡೆ, ‘ನಿಮ್ಮ ಮನೆಯ ವಿಷಯ ಏನಾದರೂ ಹೇಳಿ’ ಎಂದು ಕೇಳಿದರು.